ಹಲಸಿನ ಮರದಡಿಯ ಹದಿನೇಳನೇ ಕಲ್ಲು

ಗಾಳಿಮೊಟ್ಟೆ ಬೆಟ್ಟದ ಬುಡದಲ್ಲೊಂದು ಹಲಸಿನ ಮರ, ಮರದಡಿ ಜೀಪ್ ಸ್ಟ್ಯಾಂಡು. ಶನಿವಾರಸಂತೆ ಕಡೆಯಿಂದ ಬೆಟ್ಟ ನೋಡಲು ಬಂದವರು ತಮ್ಮ ಕಾರನ್ನು ಇಲ್ಲೇ ಬಿಡಬೇಕು. ಮುಂದಿನ ಆರು ಕಿಲೋಮೀಟರ್ ಕಲ್ಲುದಾರಿಗೆ ಜೀಪೇ ಗತಿ. ಸ್ಟ್ಯಾಂಡಿನಲ್ಲಿ ಹದಿನಾರು ಜೀಪು, ಮರದಡಿ ಹದಿನಾರು ಕಲ್ಲು. ಒಂದೊಂದು ಕಲ್ಲಿನ ಮೇಲೂ ಒಂದೊಂದು ಜೀಪಿನ ನಂಬರು, ಬಿಳಿ ಪೇಂಟಿನಲ್ಲಿ. ಸಾಲಿನ ಮೊದಲ ಕಲ್ಲು ಯಾರದೋ ಮುಂದಿನ ಟ್ರಿಪ್ಪು ಅವನದು. ಹೊರಡುವವನು ತನ್ನ ಕಲ್ಲನ್ನೆತ್ತಿ ಸಾಲಿನ ಕೊನೆಗಿಟ್ಟು ಹೋಗಬೇಕು. ಮತ್ತೆ ಸರದಿ ಬರುವ ಹೊತ್ತಿಗೆ ಜೀಪು ಕೆಳಗಿಲ್ಲದಿದ್ದರೆ ಆ ಸರದಿ ಹೋಯಿತು. ಸಾಲಿನಲ್ಲಿ ಕಲ್ಲಿಲ್ಲದವರಿಗೆ ಜೀಪಿನವರ ಸಂಘ ಚೀಟಿ ಕೊಡುವುದಿಲ್ಲ, ಚೀಟಿ ಇಲ್ಲದ ಜೀಪನ್ನು ಗೇಟಿನವನು ಬೆಟ್ಟಕ್ಕೆ ಬಿಡುವುದಿಲ್ಲ. ಅಲ್ಲಿಗೆ ಕಲ್ಲಿದ್ದವರಿಗೆ ಅನ್ನ, ಇಲ್ಲದವರಿಗೆ ಬೆಟ್ಟದ ಗಾಳಿ.

ವೀಣಾ ತಂದಿಟ್ಟ ಹದಿನೇಳನೇ ಕಲ್ಲು ಮೂರು ಸಲ ಚರಂಡಿಗೆ ಬಿದ್ದಿತ್ತು.

ಮೊದಲ ಸಲ ಎಸೆದವನು ಸುನಿಲ, ಎಲ್ಲರೆದುರಿಗೇ, ನಗುತ್ತಾ. ಇಪ್ಪತ್ತೈದರ ಹುಡುಗ, ಸ್ಟ್ಯಾಂಡಿನಲ್ಲಿ ಎಲ್ಲರಿಗಿಂತ ಬೇಗ ಬೆಟ್ಟ ಹತ್ತಿಳಿಯುತ್ತೇನೆಂಬ ಜಂಬದವನು. "ಅಕ್ಕ, ಹೆಂಗಸ್ರ ಬುದ್ಧಿ ಮೊಣಕಾಲ್ ಕೆಳಗೆ ಅಂತಾರೆ, ನಿಮಗ್ಯಾಕೆ ಬೆಟ್ಟದ ಸಾವಾಸ?" ಎಂದಿದ್ದ. ಸುತ್ತ ನಿಂತವರು ಹಲ್ಲು ಕಿರಿದರು. ಜೀಪಿನ ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ಮೂರೂ ಇರುವುದು ಮೊಣಕಾಲ ಕೆಳಗೇ ಎಂದು ಆ ಗಂಡಸರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಎರಡನೇ, ಮೂರನೇ ಸಲ ಯಾರು ಎಸೆದರೋ ಗೊತ್ತಿಲ್ಲ. ಮೂರು ಸಲವೂ ಅವಳು ಚರಂಡಿಗಿಳಿದು, ಕಲ್ಲನ್ನೆತ್ತಿ, ಕೆಸರೊರೆಸಿ ಮನೆಗೆ ಒಯ್ದಳು. ಮೂರನೇ ಸಲ ಮನೆಯ ಹಿಂದೆ ಕೂತು ಅತ್ತಿದ್ದಳು.

ಜೀಪು ಅವಳ ಗಂಡ ಪುಟ್ಟರಾಜುವಿನದು. ಹತ್ತು ವರ್ಷ ಚೆಟ್ಟಳ್ಳಿಯ ಕಾಫಿ ಎಸ್ಟೇಟೊಂದಕ್ಕೆ ಹಣ್ಣು ಕೀಳುವ ಪಿಕ್ಕಿಂಗ್ ಆಳುಗಳನ್ನು ಹೊತ್ತದ್ದು. ಎಸ್ಟೇಟಿನವರು ಆಳುಗಳಿಗೆ ತೋಟದೊಳಗಿನ ಲೈನಿನಲ್ಲೇ ಮನೆ ಕೊಟ್ಟು ತಮ್ಮದೇ ಪಿಕಪ್ ತಂದ ಮೇಲೆ ಪುಟ್ಟರಾಜು ಕುಶಾಲನಗರದ ರೆಸಾರ್ಟಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದ, ಜೀಪು ಮನೆಯಲ್ಲಿ ನಿಂತಿತು. ನಿಂತ ಜೀಪನ್ನು ವೀಣಾ ಶುಂಠಿ ಹೊಲಕ್ಕೆ ಇಳಿಸಿದಳು. ನಾಲ್ಕು ವರ್ಷ ತಮ್ಮ ಹೊಲದ್ದು, ಊರವರ ಹೊಲದ್ದು ಎಂದು ಮೂಟೆ ಹೊತ್ತು, ಜಾರುವ ಕೆಮ್ಮಣ್ಣಿನ ಇಳಿಜಾರಿನಲ್ಲಿ ಕೈ ಪಳಗಿಸಿಕೊಂಡಳು. ಆಮೇಲೆ ಪರೀಕ್ಷೆಗೆ ಕೂತು ಬಾಡಿಗೆ ಗಾಡಿ ಓಡಿಸುವ ಬ್ಯಾಡ್ಜು ಮಾಡಿಸಿಕೊಂಡಳು. ಸುತ್ತಮುತ್ತ ನಾಲ್ಕು ಹೋಂಸ್ಟೇಗಳೆದ್ದಿದ್ದವು, ಎರಡನ್ನು ನಡೆಸುವವರು ಹೆಂಗಸರೇ. "ನಮ್ಮಲ್ಲಿಗೆ ಬರೋ ಹೆಣ್ಮಕ್ಕಳು ಲೇಡಿ ಡ್ರೈವರ್ ಇದ್ದಾರಾ ಅಂತ ಕೇಳ್ತಾರೆ ಕಣೆ ವೀಣಾ," ಎಂದು ಅವರೇ ಆಸೆ ಹುಟ್ಟಿಸಿದ್ದು.

ಪುಟ್ಟರಾಜು ಕೆಟ್ಟವನಲ್ಲ, ಪುಕ್ಕಲ. ಅರಕಲಗೂಡಿನ ಒಬ್ಬ ಜೀಪನ್ನು ಕೊಳ್ಳಲು ಕೇಳಿದ್ದ. "ಭಾನುವಾರ ಟ್ರಯಲ್ ಅಂದವ್ರಲ್ಲ? ಕಲ್ಲು ಸಿಕ್ರೆ ಜೀಪು ನಿಂದು. ಸಿಗ್ನಿಲ್ಲ ಅಂದ್ರೆ ಸೋಮವಾರ ಅವನು ಬತ್ತಾನೆ, ಕೊಟ್ಬುಡನ. ದಿನಾ ಬೆಳಗಾದ್ರೆ ಈ ಜಗಳ ನಂಗಾಗಕ್ಕಿಲ್ಲ," ಎಂದು ಕೈ ತೊಳೆದುಕೊಂಡಿದ್ದ.

ಟ್ರಯಲ್ ಎಂಬುದನ್ನು ಹುಟ್ಟುಹಾಕಿದವನು ಸಂಘದ ಅಧ್ಯಕ್ಷ ಅಶ್ವಥ್. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವನು.

"ನೋಡಮ್ಮ, ಹೆಂಗಸು ಅಂತ ನಾವು ಬ್ಯಾಡ ಅಂತಿಲ್ಲ. ಬೆಟ್ಟಕ್ಕೆ ಗಂಡು ಹೆಣ್ಣು ಗೊತ್ತಾಗಕಿಲ್ಲ, ಉಳ್ಳಿಸ್ಬುಡ್ತದೆ. ಒಂದು ಆಕ್ಸಿಡೆಂಟ್ ಆದ್ರೆ ಗೇಟ್ ಮುಚ್ತಾರೆ, ಹದಿನಾರು ಮನೆ ಒಲೆ ಆರ್ತದೆ. ಅದಕ್ಕೇ ಟ್ರಯಲ್. ಆರು ಜನ ನಾವೇ ಕೂರ್ತೀವಿ. ಮೇಲಕ್ಕೋಗಿ ಕೆಳಕ್ಕೆ ಬರಬೇಕು. ಎಂಜಿನ್ ಒಂದ್ಸಲ ಆಫ್ ಆದ್ರೂ, ಕೂತೋನು ಒಬ್ಬ ಭಯಬಿದ್ದು ಇಳಿದ್ರೂ, ಕಲ್ಲಿಲ್ಲ."

"ಈ ಹದಿನಾರು ಜನಕ್ಕೂ ಟ್ರಯಲ್ ಮಾಡಿದ್ರಾ ಅಣ್ಣ?"

"ಅವ್ರೆಲ್ಲ ಮೊದ್ಲಿಂದ ಇರೋರಮ್ಮ."

ವೀಣಾ ಟ್ರಯಲ್ಲಿಗೆ ಒಪ್ಪಿದಳು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಆರು ಜನ ಹತ್ತಿ ಕೂತರು. ಮುಂದೆ ಅವಳ ಪಕ್ಕದಲ್ಲಿ ಅಶ್ವಥ್. ಹಿಂದೆ ಐದು ಜನ, ಅವರ ನಡುವೆ ಕೆಂಪಣ್ಣ. ಕೆಂಪಣ್ಣ ಸ್ಟ್ಯಾಂಡಿಗೆಲ್ಲ ಹಿರಿಯ, ಅರವತ್ತು ದಾಟಿದವನು. ಹೆಂಗಸು ಜೀಪು ಓಡಿಸುವುದೆಂದರೆ ಅವನಿಗೆ ಮೈಯುರಿ. ವೀಣಾ ನಮಸ್ಕಾರ ಎಂದರೆ ಮುಖ ಆಚೆ ತಿರುಗಿಸುತ್ತಿದ್ದ. ಆ ಮುದುಕನನ್ನು ಕಂಡರೆ ಅವಳಿಗೆ ಉಳಿದೆಲ್ಲರಿಗಿಂತ ಹೆಚ್ಚು ಹೆದರಿಕೆ.

ಹಿಂದಿನ ರಾತ್ರಿ ಮಳೆಯಾಗಿ ದಾರಿ ನೆನೆದಿತ್ತು, ಮಂಜು ಇನ್ನೂ ಹರಿದಿರಲಿಲ್ಲ. ಆನೆಬೆನ್ನು ಎಂಬ ಏರಿನ ನಟ್ಟನಡುವೆ, ಟೈರು ಉರುಟು ಕಲ್ಲುಗಳ ಮೇಲೆ ತೊನೆಯುತ್ತಿರುವಾಗ, ಅಶ್ವಥ್ "ನಿಲ್ಸು" ಎಂದ. ನಿಲ್ಲಿಸಿದಳು. "ಈಗ ಹೊರಡು." ಹಿಂದೆ ಯಾರೋ ಕಿಸಕ್ಕೆಂದರು. ಹ್ಯಾಂಡ್‌ಬ್ರೇಕನ್ನು ಬೆರಳುಬೆರಳಾಗಿ ಸಡಿಲಿಸಿದಳು. ಜೀಪು ಒಂದು ಅಂಗುಲವೂ ಹಿಂದಕ್ಕೆ ಜಾರದೆ, ಗೊಣಗುತ್ತಾ ಏರಿಬಿಟ್ಟಿತು. ಕಿಸಕ್ಕೆಂದವನು ಕೆಮ್ಮಿದ.

ನೆತ್ತಿ ತಲುಪಿದಾಗ ಅರ್ಧ ಗೆದ್ದೆ ಅಂದುಕೊಂಡಳು. ಅಲ್ಲಿ ಸುನಿಲನ ಜೀಪು ನಿಂತಿತ್ತು. ಮೈಸೂರಿನ ಕುಟುಂಬವೊಂದು ಮಂಜಿನಲ್ಲಿ ಫೋಟೋ ತೆಗೆಸಿಕೊಳ್ಳುತ್ತಿತ್ತು: ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಬ್ಬರು ಅಜ್ಜಿ. ಸುನಿಲ ವಾಚು ನೋಡಿಕೊಳ್ಳುತ್ತಿದ್ದ. ಅವನ ಕಲ್ಲು ಸಾಲಿನಲ್ಲಿ ಮುಂದೆ ಬರುತ್ತಿತ್ತೆಂದು ಕಾಣುತ್ತದೆ.

ಇಳಿಯುವಾಗ ವೀಣಾ ಫೋರ್ ವೀಲಿಗೆ ಹಾಕಿ, ಲೋ ಲಿವರ್ ಎಳೆದು, ಫಸ್ಟ್ ಗೇರಿನಲ್ಲಿ ಬಿಟ್ಟಳು. ಬ್ರೇಕಿನ ಮೇಲೆ ಕಾಲೇ ಇಡಲಿಲ್ಲ. ಎಂಜಿನ್ನೇ ಜೀಪನ್ನು ಹಿಡಿದುಕೊಂಡು ಬಸುರಿ ಎಮ್ಮೆಯ ಹಾಗೆ ನಿಧಾನಕ್ಕೆ ಹೆಜ್ಜೆಯಿಟ್ಟಿತು.

"ಏನಮ್ಮ ಇದು ಮೆರವಣಿಗೆ?" ಎಂದ ಅಶ್ವಥ್. "ಹಿಂಗ್ ಡೀಸೆಲ್ ಕುಡಿಸಿದ್ರೆ ಆಯ್ತು ನಿನ್ ಬಾಡಿಗೆ. ನ್ಯೂಟ್ರಲ್ ಮಾಡಿ ಬಿಡು, ಅದ್ರ ಪಾಡಿಗೆ ಅದು ಇಳೀತದೆ."

ಅದು ಆ ಸ್ಟ್ಯಾಂಡಿನ ಹಳೇ ಚಾಳಿ. ಇಳಿಜಾರು ಬಂತೆಂದರೆ ಎಲ್ಲರೂ ನ್ಯೂಟ್ರಲ್ಲಿಗೆ ತಳ್ಳಿ, ಬ್ರೇಕು ಒತ್ತಿ ಒತ್ತಿ ಬಿಡುತ್ತಾ ಉರುಳಿಸಿಕೊಂಡು ಬರುವವರೇ. ಡೀಸೆಲ್ಲೂ ಉಳಿಯುತ್ತದೆ, ಸರದಿಗೆ ಬೇಗ ಕೆಳಗೂ ಸೇರಬಹುದು. ತಪ್ಪೆಂದು ಯಾರೂ ತಿಳಿದವರಲ್ಲ, ಜಾಣತನವೆಂದೇ ತಿಳಿದವರು.

"ಶುಂಠಿ ಮೂಟೆ ಹಾಕ್ಕೊಂಡು ಹಂಗ್ ಬಿಟ್ರೆ ಮೂಟೆನೇ ಜೀಪನ್ನ ಹೊಳೆಗೆ ತಳ್ತದೆ ಅಣ್ಣ. ನಂಗೆ ಹಿಂಗೇ ಅಭ್ಯಾಸ."

"ನಾವ್ ಶುಂಠಿ ಮೂಟೆನಾ?"

ಹಿಂದೆ ಎಲ್ಲರೂ ನಕ್ಕರು. ಕೆಂಪಣ್ಣ ಮಾತ್ರ ನಗಲಿಲ್ಲ. ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದ.

ಆನೆಬೆನ್ನಿನ ಇಳಿಜಾರು ಅರ್ಧ ಮುಗಿದಿತ್ತು. ಆಗ ಹಿಂದಿನಿಂದ ಹಾರ್ನು ಕೇಳಿಸಿತು. ಸೈಡು ಕೇಳುವ ಹಾರ್ನಲ್ಲ. ಒತ್ತಿದ ಕೈಯನ್ನು ಎತ್ತದೇ ಇರುವ ಹಾರ್ನು. ಕೆಂಪಣ್ಣ ತಿರುಗಿ ನೋಡಿ ಎದ್ದು ನಿಂತುಬಿಟ್ಟ.

"ಸುನಿಲಂದು ಕಣ್ರಲಾ! ಬ್ರೇಕ್ ಹಿಡೀತಿಲ್ಲ, ಲೈಟ್ ಹೊಡೀತಾವ್ನೆ!"

ವೀಣಾ ಕನ್ನಡಿ ನೋಡಿದಳು. ಮಂಜಿನೊಳಗಿಂದ ಎರಡು ಲೈಟು ಕುಣಿಯುತ್ತಾ ಬರುತ್ತಿದ್ದವು. ಎಡಕ್ಕೆ ಗೋಡೆಯಂಥ ದರೆ, ಬಲಕ್ಕೆ ಕಮರಿ, ಜಾಗ ಒಂದೇ ಜೀಪಿನಷ್ಟು. ಮುಂದೆ ಇನ್ನೂರು ಗಜದಾಚೆ ಹಿಮ್ಮುರಿ ತಿರುವು. ನ್ಯೂಟ್ರಲ್ಲಿನಲ್ಲಿ ವೇಗ ಹಿಡಿದ ಜೀಪಿಗೆ ಮತ್ತೆ ಗೇರು ಕೂರುವುದಿಲ್ಲ, ಬ್ರೇಕಿಲ್ಲದೆ ಆ ತಿರುವಿನಲ್ಲಿ ಯಾರೂ ತಿರುಗಲಾರರು. ನೇರ ಹೋದರೆ ಕಮರಿ. ಆ ಜೀಪಿನಲ್ಲಿ ಎರಡು ಮಕ್ಕಳಿದ್ದವು. ಕೆಂಪು ಸ್ವೆಟರಿನದೊಂದು, ಹಳದಿಯದೊಂದು. ಅತ್ತ ದರಿ ಇತ್ತ ಪುಲಿ ಎನ್ನುವುದನ್ನು ಹಿರಿಯರು ಬಾಯಲ್ಲಿ ಹೇಳಿದ್ದರು, ವೀಣಾಳಿಗೆ ಅವತ್ತು ಎರಡೂ ಕಣ್ಣೆದುರಿಗಿದ್ದವು.

"ಓಡ್ಸು!" ಎಂದು ಕಿರುಚಿದ ಅಶ್ವಥ್. "ತಿರುವು ದಾಟ್ಕೊ! ಅವನು ಗುದ್ದಿದ್ರೆ ನಾವೂ ಹೋಗ್ತೀವಿ!"

ಓಡಿಸಬಹುದಿತ್ತು. ಓಡಿಸಿದ್ದರೆ ಏಳು ಜನ ಉಳಿಯುತ್ತಿದ್ದರು, ಆರು ಜನ ಹೋಗುತ್ತಿದ್ದರು. ಯಾರೂ ಅವಳನ್ನು ಬೈಯುತ್ತಿರಲಿಲ್ಲ.

"ಹಿಂದಿರೋರು ಎಲ್ರೂ ಮುಂದಕ್ಕೆ ಬನ್ನಿ, ಕಾಲು ಒಳಗೆ ಎಳ್ಕೊಳಿ, ಕಂಬಿ ಹಿಡ್ಕಳಿ!" ಎಂದು ಕೂಗಿ ಅವಳು ಆಕ್ಸಿಲರೇಟರ್ ಒತ್ತಿದಳು, ಓಡಿಹೋಗಲು ಅಲ್ಲ. ನಿಂತ ಜೀಪಿಗೆ ಬಂದು ಗುದ್ದಿದರೆ ಎರಡೂ ಚಿಂದಿ. ತಾನೂ ಓಡುತ್ತಿದ್ದರೆ ಪೆಟ್ಟು ಮೆತ್ತಗಾಗುತ್ತದೆ. ಎಂಜಿನ್ ಕಿರುಗುಟ್ಟಿತು. ಎಡದ ಚಕ್ರವನ್ನು ದರೆಯ ಬುಡದ ಕೊರಕಲಿಗೆ ಹೊಂದಿಸಿದಳು. ಅಷ್ಟರಲ್ಲಿ ಅಶ್ವಥ್ ಕೈ ಚಾಚಿ ಸ್ಟಿಯರಿಂಗ್ ಹಿಡಿದ.

"ಕೈ ತೆಗೀರಿ ಅಣ್ಣ."

ಅವನು ಬಿಡಲಿಲ್ಲ. ಕೊರಕಲಿನಿಂದ ಹೊರಕ್ಕೆ ತಿರುಗಿಸುತ್ತಿದ್ದ, ಕಮರಿಯ ಕಡೆಗೆ.

"ಕೈ ತೆಗಿಯೋ!"

ಹುಟ್ಟಿದಾಗಿನಿಂದ ಹಿರಿಯ ಗಂಡಸೊಬ್ಬನಿಗೆ ಅವಳು ಹಾಗೆ ಹೇಳಿದ್ದು ಅದೇ ಮೊದಲು. ಅಶ್ವಥ್‌ನ ಕೈ ತಾನಾಗಿ ಬಿಟ್ಟುಹೋಯಿತು.

ಪೆಟ್ಟು ಬಿತ್ತು. ಹಿಂದೆ ನೇತುಹಾಕಿದ್ದ ಸ್ಟೆಪ್ನಿ ಟೈರು ಅದನ್ನು ನುಂಗಿಕೊಂಡಿತು, ಆದರೂ ಎಲ್ಲರ ತಲೆಯೂ ಮುಂದಕ್ಕೆ ಬಡಿಯಿತು. ಜೀಪು ತಳ್ಳಿಸಿಕೊಳ್ಳುತ್ತಾ ಹೋಯಿತು. ಆಗ ಅವಳು ಆಕ್ಸಿಲರೇಟರಿನಿಂದ ಕಾಲೆತ್ತಿದಳು, ಎಂಜಿನ್ನು ಎರಡು ಜೀಪಿನ ಭಾರಕ್ಕೆ ಹುಯ್ಯಲಿಟ್ಟಿತು. ಬ್ರೇಕಿನ ಮೇಲೆ ಎರಡೂ ಕಾಲಿಟ್ಟು ನಿಂತೇಬಿಟ್ಟಳು. ಕೊರಕಲಿನ ಕಲ್ಲುಗಳು ಕೆಳಗಿಂದ ಬಡಿದವು. ತಿರುವು ಹತ್ತಿರಕ್ಕೆ ಬಂತು, ಇನ್ನೂ ಹತ್ತಿರಕ್ಕೆ ಬಂತು, ಆಮೇಲೆ ಬರುವುದು ನಿಂತಿತು. ಎಂಜಿನ್ ಒಂದು ಸಲ ಒದರಿ ಆಫ್ ಆಯಿತು.

ಆಮೇಲೆ ಹಿಂದಿನ ಜೀಪಿನಿಂದ ಒಂದು ಮಗು ಅಳತೊಡಗಿತು. ಅಳು ಕೇಳಿ ವೀಣಾಳಿಗೆ ಉಸಿರು ಬಂತು.

ಹಿಂದಿನವರು ಧುಮುಕಿ ಇಳಿದರು, ಚಕ್ರಕ್ಕೆ ಕಲ್ಲು ಕೊಟ್ಟರು. ವೀಣಾಳೂ ಇಳಿದು ಮಡ್‌ಗಾರ್ಡು ಹಿಡಿದು ನಿಂತಳು. ಅಷ್ಟರಲ್ಲಿ ಮೈಸೂರಿನ ಹೆಂಗಸು ಮಗುವನ್ನು ಸೊಂಟಕ್ಕೇರಿಸಿಕೊಂಡು ನೇರ ಅವಳ ಮೇಲೇ ಬಂದಳು.

"ಏನ್ರೀ, ನಡುರಸ್ತೇಲಿ ಹೀಗೆ ಬ್ರೇಕ್ ಹಾಕೋದಾ? ಹಿಂದೆ ಮಕ್ಕಳಿದಾರೆ ಅಂತ ಜ್ಞಾನ ಬೇಡ್ವಾ? ಓಡಿಸೋಕೆ ಬರಲ್ಲ ಅಂದ್ರೆ ಮನೇಲಿರಬೇಕಪ್ಪ!"

ಬ್ರೇಕಿಲ್ಲವೆಂದು ಸುನಿಲ ಬಾಯಿಬಿಟ್ಟಿರಲಿಲ್ಲ, ಮುಂದಿನ ಜೀಪಿಗೆ ಗುದ್ದಿ ನಿಂತಿದ್ದನ್ನಷ್ಟೇ ಆಕೆ ಕಂಡಿದ್ದಳು, ತಪ್ಪೇನಿಲ್ಲ. ಅಶ್ವಥ್ ಇಬ್ಬರ ನಡುವೆ ನುಗ್ಗಿದ.

"ಸಾರಿ ಮೇಡಂ, ಹೊಸಬ್ರು ಇವ್ರು, ಟ್ರಯಲ್ ನಡೀತಿತ್ತು. ಹೆಂಗಸ್ರು, ಗಾಬರಿ ಬಿದ್ದು ಬ್ರೇಕ್ ಒತ್ಬುಟ್ರು. ನಮ್ಮ ಹುಡುಗ ಚುರುಕಾಗಿದ್ದ, ಹೆಂಗೋ ನಿಲ್ಲಿಸ್ದ. ನೀವು ಮನಸ್ಸಿಗೆ ಹಚ್ಕಬೇಡಿ."

ಹೇಳಿ ಮುಗಿಸಿ ವೀಣಾಳನ್ನು ಪಕ್ಕಕ್ಕೆ ಕರೆದ, ದನಿ ಇಳಿಸಿದ. "ಬ್ರೇಕ್ ಫೇಲ್ ಅಂತ ಇವ್ರು ಫೋನಲ್ಲಿ ಹಾಕಿದ್ರೆ ನಾಳೆನೇ ಗೇಟ್ ಮುಚ್ತದೆ. ಹದಿನಾರು ಮನೆ ಕಣಮ್ಮ. ನೀನು ಹೂಂ ಅಂದ್ಬುಡು. ಮುಂದಿನ ವರ್ಷ ನಿನ್ ಕಲ್ಲು ನಾನೇ ಇಡಿಸ್ತೀನಿ. ಈಗಂತೂ ಎಂಜಿನ್ ಆಫ್ ಆಯ್ತು, ಜನ ಇಳಿದ್ರು, ರೂಲ್ ಪ್ರಕಾರ ನೀನು ಫೇಲೇ."

ಮುಂದಿನ ವರ್ಷ! ಜೀಪು ಸೋಮವಾರ ಅರಕಲಗೂಡಿಗೆ ಹೋಗುತ್ತದೆ. ವೀಣಾ ಆ ಐದು ಜನರ ಮುಖ ನೋಡಿದಳು. ಐದು ಜನರೂ ಡ್ರೈವರುಗಳು, ಏನಾಯಿತೆಂದು ಅಂಗೈ ನೆಲ್ಲಿಯಷ್ಟು ಚೆನ್ನಾಗಿ ಕಂಡವರು. ಒಬ್ಬ ಬೀಡಿ ಹುಡುಕಿದ. ಒಬ್ಬ ಸ್ಟೆಪ್ನಿ ನೋಡಿದ. ಕೆಂಪಣ್ಣ ನೆಲ ನೋಡುತ್ತಿದ್ದ. ಸಿಟ್ಟಿನಲ್ಲಿ ಅವಳು ಜೀಪಿನ ಕಡೆ ನಡೆದಳು.

ಸೀಟಿನ ಕೆಳಗೆ ರೇಡಿಯೇಟರಿಗೆಂದು ಇಟ್ಟಿದ್ದ ನೀರಿನ ಕ್ಯಾನನ್ನು ಎಳೆದಳು.

"ಮೇಡಂ, ಸ್ವಲ್ಪ ಇಲ್ಲಿ ಬನ್ನಿ."

"ಏನು?"

"ಮಾತು ಬೇಡ, ನೋಡಿ ಅಷ್ಟೆ."

ತನ್ನ ಜೀಪಿನ ಮುಂದಿನ ಚಕ್ರದ ನಡುವಿಗೆ ನೀರು ಸುರಿದಳು. ನೀರು ಕೆಸರು ತೊಳೆದುಕೊಂಡು ಸುಮ್ಮನೆ ಇಳಿಯಿತು. ಹಿಂದಿನ ಚಕ್ರಕ್ಕೆ ಸುರಿದಳು, ಅಲ್ಲೂ ಹಾಗೇ. ಆಮೇಲೆ ನಾಲ್ಕು ಹೆಜ್ಜೆ ನಡೆದು ಸುನಿಲನ ಜೀಪಿನ ಚಕ್ರಕ್ಕೆ ಸುರಿದಳು. ಕಾದ ಬಾಣಲೆಗೆ ಬಿದ್ದ ಹಾಗೆ ಚೊಂಯ್ ಎಂದಿತು. ಬಿಳಿ ಹಬೆ ಬುಸ್ಸನೆ ಎದ್ದು ಆಕೆಯ ಮುಖದವರೆಗೆ ಬಂತು, ಜೊತೆಗೆ ಸುಟ್ಟ ವಾಸನೆ. ಮಗು ಅಳು ನಿಲ್ಲಿಸಿ ನೋಡಿತು.

"ದಾರಿಯುದ್ದಕ್ಕೂ ಬ್ರೇಕ್ ಒತ್ತಿದ ಜೀಪ್ಯಾವ್ದು, ಒತ್ತದೇ ಇರೋ ಜೀಪ್ಯಾವ್ದು, ನೀವೇ ಹೇಳಿ," ಎಂದಳು ವೀಣಾ. "ನಾನು ನಿಮಗೆ ಅಡ್ಡ ನಿಂತಿದ್ದು ಹೌದು. ನಿಲ್ದಿದ್ರೆ ಅಗೋ, ಅಲ್ಲಿಗೆ ಹೋಗ್ತಿದ್ರಿ."

ಆ ಹೆಂಗಸು ತಿರುವಿನ ಕಡೆ ನೋಡಿದಳು. ತಿರುವಿನಾಚೆ ಮಂಜು ಬಿಟ್ಟರೆ ಏನೂ ಇರಲಿಲ್ಲ. ಆಕೆಯ ಮುಖ ಬಿಳಚಿತು, ಮಗುವನ್ನು ಅವುಚಿಕೊಂಡು ದರೆಯ ಬುಡದಲ್ಲಿ ಕುಸಿದು ಕೂತಳು.

"ಏಯ್, ಅದು ಸುಮ್ನೆ ಬಿಸಿ..." ಎಂದು ಅಶ್ವಥ್ ಶುರುಮಾಡಿದ.

"ನಂದೇ ತಪ್ಪಣ್ಣ," ಎಂದ ಸುನಿಲ. ಸ್ಟಿಯರಿಂಗ್ ಬಿಟ್ಟು ಇಳಿದೇ ಇರಲಿಲ್ಲ ಅವನು, ತುಟಿ ಒಣಗಿತ್ತು. "ಮೇಲಿಂದ ನ್ಯೂಟ್ರಲಲ್ಲಿ ಬಿಟ್ಟಿದ್ದೆ. ಎಲ್ರೂ ಬಿಡ್ತೀವಲ್ಲ, ಹಂಗೆ. ಪೆಡಲ್ ಒಳಗೋಯ್ತು, ಗೇರ್ ಕೂರ್ಲಿಲ್ಲ. ಅಕ್ಕ ಇಲ್ದಿದ್ರೆ..." ಮುಂದೆ ಹೇಳಲಾರದೆ ಅತ್ತುಬಿಟ್ಟ.

ಆ ಕುಟುಂಬ ಆಮೇಲೆ ಯಾವ ಜೀಪನ್ನೂ ಹತ್ತಲಿಲ್ಲ, ನಡೆದೇ ಇಳಿಯಿತು. ಹೊರಡುವ ಮುಂಚೆ ಆ ಹೆಂಗಸು ಬಂದು ವೀಣಾಳ ಎರಡೂ ಕೈ ಹಿಡಿದುಕೊಂಡು ನಿಂತಳು. ಕ್ಷಮಿಸಿ ಎನ್ನಲು ಹೊರಟವಳಿಗೆ ಅಳುವೇ ಮುಂದೆ ಬಂತು.

ಕೆಳಗೆ ಹಲಸಿನ ಮರದಡಿ ಸುದ್ದಿ ಆಗಲೇ ತಲುಪಿತ್ತು. ಬೆಟ್ಟದಲ್ಲಿ ಮಾತು ಜೀಪಿಗಿಂತ ಬೇಗ ಇಳಿಯುತ್ತದೆ. ಅಶ್ವಥ್ ಎಲ್ಲರೆದುರು ಗಂಟಲು ಸರಿಮಾಡಿಕೊಂಡ.

"ಆಗಿದ್ದು ಆಯ್ತು. ಇವತ್ತಿಂದ ಯಾರೂ ನ್ಯೂಟ್ರಲ್ಲಲ್ಲಿ ಇಳೀಬಾರದು. ಸುನಿಲನ್ ಕಲ್ಲು ತೆಗೀತಿದೀನಿ." ಸಾಲಿನಿಂದ ಸುನಿಲನ ಕಲ್ಲನ್ನು ಎತ್ತಿ ಚರಂಡಿಗೆಸೆದ. "ಇನ್ನು ವೀಣಾ ವಿಚಾರ. ಧೈರ್ಯ ಮೆಚ್ಬೇಕಾದ್ದೇ. ಆದ್ರೆ ರೂಲ್ ಅಂದ್ರೆ ರೂಲ್. ಎಂಜಿನ್ ಆಫ್ ಆಯ್ತು."

ವೀಣಾ ಜೀಪಿನ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ನಾಳೆ ಇದನ್ನು ಬೇರೆಯವನ ಕೈಗೆ ಹಾಕಬೇಕು.

"ಅಶ್ವಥಾ," ಎಂದ ಕೆಂಪಣ್ಣ. ಜೀಪು ಗುದ್ದಿ ನಿಂತ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು. "ನಿನ್ ರೂಲು ಒಂದು ಜೀಪಿಗೆ ಬರೆದಿದ್ದು. ಆ ಹೆಣ್ಮಗಳು ಹಿಡಿದು ನಿಲ್ಸಿದ್ದು ಎರಡನ್ನ."

"ಅಲ್ಲ ಕೆಂಪಣ್ಣ..."

"ನಲವತ್ತು ವರ್ಷ ಸ್ಟಿಯರಿಂಗ್ ಹಿಡ್ದಿವ್ನಿ. ಇವತ್ತು ಆ ಸೀಟಲ್ಲಿ ನಾನಿದ್ದಿದ್ರೆ ಓಡೋಗ್ತಿದ್ದೆ. ನೀನೂ ಓಡು ಅಂದೆ, ನನ್ ಕಿವೀಲೇ ಕೇಳ್ದೆ. ಅಲ್ಲಿ ಮೇಲೆ ಬಾಯಿ ಬಿಡದೆ ನಿಂತ್ಕಂಡೆ, ಅದು ನನ್ ಹೇಡಿತನ. ಇಲ್ಲೂ ನಿಂತ್ಕಂಡ್ರೆ ನಾನು ಮನುಸ್ಯನೇ ಅಲ್ಲ." ವೀಣಾಳತ್ತ ತಿರುಗಿದ. ಅವಳ ಮುಖ ನೋಡಿ ಅವನು ಮಾತಾಡಿದ್ದೂ ಅದೇ ಮೊದಲು. "ಎಲ್ಲವ್ವ ನಿನ್ ಕಲ್ಲು? ತಂದು ಇಡು."

ಅಶ್ವಥ್ ಸುತ್ತ ನೋಡಿದ. ಬೀಡಿ ಹುಡುಕಿದ್ದವನೂ ಸ್ಟೆಪ್ನಿ ನೋಡಿದ್ದವನೂ ಈಗ ಅವನನ್ನೇ ನೋಡುತ್ತಿದ್ದರು. ಅಧ್ಯಕ್ಷ ಸಾಲಿನ ಬಳಿಯಿಂದ ಪಕ್ಕಕ್ಕೆ ಸರಿದ.

ಕಲ್ಲು ಜೀಪಿನಲ್ಲೇ ಇತ್ತು. ಎತ್ತಿ ತಂದಳು. ಸಾಲಿನ ಕೊನೆಗೆ ಬಗ್ಗುವಾಗ ಚರಂಡಿಯಂಚಿನಲ್ಲಿ ಸುನಿಲ ನಿಂತಿದ್ದು ಕಂಡಿತು. ತಲೆ ತಗ್ಗಿಸಿದ್ದ. ಅಯ್ಯೋ ಪಾಪ ಅನ್ನಿಸಿತು, ಅನ್ನಿಸಿದ್ದು ಸುಳ್ಳಲ್ಲ. ಆದರೆ ಮನೆಯ ಹಿಂದೆ ಕೂತು ಅತ್ತ ದಿನವೂ ಸುಳ್ಳಲ್ಲ.

"ಯಾರ ಕಲ್ಲನ್ನೂ ಯಾರೂ ಎಸೀಬಾರದು ಅಶ್ವಥಣ್ಣ," ಎಂದಳು. "ಎಸೆದಾಯ್ತಲ್ಲ, ಅವನೇ ಇಳಿದು ಎತ್ಕೊಂಡ್ ಬರ್ಲಿ. ನಾನು ಮೂರು ಸಲ ಎತ್ಕೊಂಡ್ ಬಂದಿದೀನಿ. ಬ್ರೇಕ್ ರಿಪೇರಿ ಮಾಡ್ಸಿ ಆಮೇಲೆ ಇಡ್ಲಿ."

ಸುನಿಲ ಚರಂಡಿಗೆ ಇಳಿದ. ಮೊಣಕಾಲುದ್ದ ಕೆಸರು. ತಡಕಾಡಿ ಕಲ್ಲನ್ನೆತ್ತಿದ, ಅಂಗಿಯಿಂದಲೇ ಒರೆಸಿದ. ಮೂರನೇ ದಿನ ಬ್ರೇಕು ಸರಿಮಾಡಿಸಿಕೊಂಡು ಬಂದು, ಕಲ್ಲನ್ನು ಸಾಲಿನ ಕೊನೆಗೆ ಇಟ್ಟ. ಅವನು ಬರುವ ಹೊತ್ತಿಗೆ ವೀಣಾ ಆಗತಾನೇ ಒಂದು ಟ್ರಿಪ್ಪು ಮುಗಿಸಿ ಇಳಿದಿದ್ದಳು, ಅವಳಾದ ಮೇಲೆ ಯಾರೂ ಹೊರಟಿರಲಿಲ್ಲ, ಅವಳದು ಹದಿನಾರನೇ ಕಲ್ಲು. ಹದಿನೇಳನೆಯದು ಅವನದು. ತನ್ನ ಕಲ್ಲಿನ ಹಿಂದೆ ಇನ್ನೊಂದು ಕಲ್ಲು ಇರುವುದನ್ನು ಅವಳು ನಿಂತು ನೋಡಿದಳು, ಬೇಕೆಂದೇ ಸ್ವಲ್ಪ ಹೊತ್ತು.

ಅಷ್ಟರಲ್ಲಿ ಹೋಂಸ್ಟೇಯಿಂದ ನಾಲ್ಕು ಹುಡುಗಿಯರು ಬಂದರು. "ಇಲ್ಲಿ ವೀಣಾ ಅಂತ ಡ್ರೈವರ್ ಇದಾರಂತೆ, ನಾವು ಅವರ ಜೀಪಲ್ಲೇ ಹೋಗ್ತೀವಿ," ಎಂದರು. ಸಾಲಿನ ಮೊದಲ ಕಲ್ಲು ಕೆಂಪಣ್ಣನದು. ಅವನು ಕೀಲಿ ಹಿಡಿದು ನಿಂತಿದ್ದ, ವೀಣಾಳ ಮುಖ ನೋಡಿದ.

"ನಾನೇ ವೀಣಾ," ಎಂದಳು ಅವಳು. "ನನ್ನ ಸರದಿಗೆ ಇನ್ನೂ ಹದಿನೈದು ಜನ ಇದ್ದಾರೆ. ಈಗ ಕೆಂಪಣ್ಣಾರದು, ಅವರ ಜೀಪ್ ಹತ್ತಿ. ಫಸ್ಟ್ ಗೇರಲ್ಲೇ ಇಳಿಸ್ತಾರೆ, ಹೆದರಬೇಡಿ."